ಎರಡು ಮೊಟ್ಟೆಯ ಮಂಗಳವಾರ

ಮೂರನೇ ಅಧ್ಯಾಯಕ್ಕೆ ಅಂಕಿಅಂಶ ಬೇಕಿತ್ತು.
ಬ್ಯಾಂಕಿನ ಕಡತಗಳಲ್ಲಿ ಎರಡು ಚಳಿಗಾಲವೇ ಇಲ್ಲ,
ಯಾರೋ ಒಲೆಗೆ ಹಾಕಿ ಕೈ ಕಾಸಿಕೊಂಡಿರಬೇಕು.
ತಪ್ಪೇನಲ್ಲ. ಆಗ ತ್ಬಿಲಿಸಿಯಲ್ಲಿ
ಕಾಗದಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗವಿರಲಿಲ್ಲ,
ನೋಟಿನ ಕಾಗದಕ್ಕೂ.

ಹಾಗಾಗಿ ಸೊಲೊಲಾಕಿಯ ಇಳಿಜಾರಿನಲ್ಲಿ
ಏಳು ಮೆಟ್ಟಿಲಿಳಿದು
ಗುಲಿಕೊಳ ನೆಲಮಾಳಿಗೆ ಅಂಗಡಿಗೆ ಹೋದೆ.
ಉಪ್ಪಿನ ಚೀಲದ ಹಿಂದೆ ಅವಳ ಉದ್ರಿ ಪುಸ್ತಕಗಳು,
ನಾಲ್ಕು, ರಬ್ಬರು ಪಟ್ಟಿಯೊಳಗೆ.
"ಏನು ಹುಡುಕ್ತೀಯ ದಾರೇಜನ್, ಸತ್ತವರ ಸಾಲಾನಾ?"
"ಹಳೆಯ ಬೆಲೆಗಳನ್ನ."
"ಅವೂ ಸತ್ತವೇ" ಅಂದಳು, ಜೋಳದ ಹಿಟ್ಟು ತೂಗುತ್ತ.

ಮೊದಲ ಪುಸ್ತಕ ರೂಬಲ್ಲಿನಲ್ಲಿ, ಅಚ್ಚುಕಟ್ಟು ಅಕ್ಷರ.
ಎರಡನೆಯದು ಕೂಪನ್ನಿನಲ್ಲಿ.
ಸೊನ್ನೆಗಳು ರೊಟ್ಟಿ ಅಂಗಡಿಯ ಸರದಿಯಂತೆ ಉದ್ದವಾಗುತ್ತವೆ,
ಹಿಂದೆ ನಿಂತ ಸೊನ್ನೆಗೆ
ಮುಂದಿನ ಸೊನ್ನೆಯ ಬೆನ್ನು ಮಾತ್ರ ಕಾಣುತ್ತದೆ.
ಮಡಿಕೆ ಬಿದ್ದ ಡಾಲರಿಗೆ ಬಜಾರಿನಲ್ಲಿ ಬೆಲೆ ಕಡಿಮೆ.
ಇದ್ದವರು ಅದನ್ನು ಹಾಸಿಗೆಯಡಿ ಇಟ್ಟು
ಹೊರಳದೆ ನಿದ್ದೆ ಮಾಡುತ್ತಿದ್ದರು.
ಒಂದು ಫೆಬ್ರವರಿಯಲ್ಲಿ ಅಂಕಣ ಸಾಲದೆ
ಗುಲಿಕೊ ಸೊನ್ನೆ ಬರೆಯುವುದನ್ನೇ ಬಿಟ್ಟಿದ್ದಾಳೆ.

ಆಮೇಲೆ ಲೆಕ್ಕವೆಲ್ಲ ಮೊಟ್ಟೆಯಲ್ಲಿ.
ಸೀಮೆಎಣ್ಣೆಗೆ ಇಷ್ಟು ಮೊಟ್ಟೆ, ಸಾಬೂನಿಗೆ ಇಷ್ಟು,
ಮೊಂಬತ್ತಿಗೆ ಒಂದು, ಉದ್ದನೆಯದಾದರೆ ಒಂದೂವರೆ.
ಅರ್ಧ ಮೊಟ್ಟೆ ಹೇಗೆ ಕೊಟ್ಟರೋ, ಬರೆದಿಲ್ಲ.
ನಾನು ಪಾಠ ಹೇಳುವ ಪುಸ್ತಕದಲ್ಲಿ ಹಣಕ್ಕೆ ಮೂರು ಕೆಲಸ:
ಲೆಕ್ಕದ ಮಾನ, ವಿನಿಮಯದ ಮಾಧ್ಯಮ, ಮೌಲ್ಯದ ಸಂಗ್ರಹ.
ಮೂರನೆಯದರಲ್ಲಿ ಮೊಟ್ಟೆ ನಪಾಸು,
ಜುಲೈ ತಿಂಗಳಲ್ಲಂತೂ ಕೇಳುವುದೇ ಬೇಡ.

ಮೂರನೇ ಪುಸ್ತಕ. ಹದಿನೆಂಟನೇ ಹಾಳೆ.
ನಾಜಿಬ್ರೋಲಾ, ಮೇಲಿನ ಮನೆ.
ನನ್ನಮ್ಮ.
ಮಂಗಳವಾರ, ಎರಡು.
ಮಂಗಳವಾರ, ಎರಡು.
ಮಂಗಳವಾರ, ಎರಡು.

ಆಗ ನೆನಪಾಯಿತು ಪಿಯಾನೊ.
ಕರೆಂಟಿಲ್ಲದ ಊರಿನಲ್ಲಿ
ಕರೆಂಟು ಕೇಳದ ನಮ್ಮ ಒಂದೇ ಯಂತ್ರ.
ಗುಲಿಕೊಳ ಮಗಳು ಮಾಕ್ವಲಾ
ಕೈಗವಸಿನ ತುದಿ ಕತ್ತರಿಸಿಕೊಂಡು ಬರುತ್ತಿದ್ದಳು.
ಅಮ್ಮ ತಾಳ ಎಣಿಸುತ್ತಿದ್ದಳು, ಎರ್ತಿ, ಓರಿ, ಸಾಮಿ,
ಪ್ರತಿ ಅಂಕಿಗೂ ಬಾಯಿಂದ ಒಂದಿಷ್ಟು ಹಬೆ.
ನಾನು ಕಂಬಳಿಯೊಳಗೆ,
ಮೊಟ್ಟೆ ಬೇಯುವ ಸದ್ದಿಗೆ ಕಿವಿಯಿಟ್ಟು.
ಒಂದು ನನಗೆ, ಒಂದು ಅವಳಿಗೆ ಅಂದುಕೊಂಡಿದ್ದೆ.
ಅವಳ ಚಿಪ್ಪು ನೋಡಿದ ನೆನಪಿಲ್ಲ.

ಎಂಬತ್ತೊಂದು ಮಂಗಳವಾರಗಳನ್ನು ನಕ್ಷೆಗಿಳಿಸಿದೆ.
ಕೂಪನ್ನಿನ ಗೆರೆ ಹಾಳೆ ದಾಟಿ, ಮೇಜು ದಾಟಿ,
ಕಿಟಕಿಯಾಚೆ ಎಲ್ಲಿಗೋ ಹೋಯಿತು.
ಡಾಲರಿನ ಗೆರೆಯೂ ಅಲ್ಲಲ್ಲಿ ನಡುಗಿದೆ.
ಅಮ್ಮನ ಗೆರೆ ನೇರ, ನೆಲಕ್ಕೆ ಮಲಗಿದ ಹಾಗೆ.
ಹಣದುಬ್ಬರ ಸೊನ್ನೆ. ವಿಚಲನೆ ಸೊನ್ನೆ.

ಬ್ರಾಟಿಸ್ಲಾವಾದ ಸಮ್ಮೇಳನದಲ್ಲಿ ತೋರಿಸಿದೆ.
ನೀಲಿ ಟೈಯವರೊಬ್ಬರು ಕೇಳಿದರು,
ನಿಮ್ಮ ಮಾದರಿಯ ಗಾತ್ರ ಎಷ್ಟು?
ಒಬ್ಬಳು, ಅಂದೆ.
ನಕ್ಕರು. ನಾನೂ ನಕ್ಕು
ಮುಂದಿನ ಚಿತ್ರಕ್ಕೆ ಹೋದೆ.

ತೋರಿಸದೆ ಬಿಟ್ಟದ್ದು ಒಂದು ಸಾಲು.
ಲರಿ ಎಂಬ ಹೊಸ ಹಣ ಬಂದ ವಾರ,
ಹತ್ತು ಲಕ್ಷ ಕೂಪನ್ನಿಗೆ ಒಂದು ಲರಿ ಅಂತ
ರೇಡಿಯೋ ಹೇಳುತ್ತಿದ್ದ ವಾರ,
ಗುಲಿಕೊ ಬರೆದಿದ್ದಾಳೆ: ಮೊಟ್ಟೆ ಕೊಟ್ಟಾಯಿತು.
ಮಂಗಳವಾರ ಬಾಕಿ.
ಅಮ್ಮನಿಗೆ ಜ್ವರವಿತ್ತು.
ತಿಂಗಳೊಪ್ಪತ್ತಿನಲ್ಲಿ ಪಿಯಾನೊ ಡಾಲರಿಗೆ ಹೋಯಿತು,
ಆರು ಜನ ಹೊತ್ತರು, ಏಳನೆಯವನು
ಮೆಟ್ಟಿಲ ಮೇಲೆ ನಿಂತು ಬೈಯುತ್ತಿದ್ದ.

"ಒಂದು ಮಂಗಳವಾರ ಕೊಡಬೇಕು ನಾವು ನಿನಗೆ" ಅಂದೆ.
ಗುಲಿಕೊ ಕನ್ನಡಕ ಏರಿಸಿ ಸಾಲು ನೋಡಿದಳು,
ಪೆನ್ಸಿಲು ಕೈಯಲ್ಲೇ ಇತ್ತು, ಹೊಡೆದುಹಾಕಲಿಲ್ಲ.
"ಇರಲಿ ಬಿಡು, ಅದೇನು ಕೊಳೆಯೋ ಸಾಮಾನಲ್ಲ."

ಹತ್ತು ಮೊಟ್ಟೆ ಕೊಂಡೆ, ದೊಡ್ಡ ನೋಟು ಕೊಟ್ಟೆ.
ಡಬ್ಬಿ ಅಲ್ಲಾಡಿಸಿ ನೋಡಿ
ಚಿಲ್ಲರೆ ಇಲ್ಲವೆಂದು
ಐದನೇ ಪುಸ್ತಕ ತೆಗೆದಳು,
ನನ್ನ ಹೆಸರು ಬರೆಯಲು.